ಇನ್ನಾಸಪ್ಪನವರ ಅನಿಮ

ಯಾರ ರೇಷ್ಮೆ ಹುಳುಮನೆಗೆ ಹೋದರೂ ಇನ್ನಾಸಪ್ಪನವರು ಮೊದಲು ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದರು. ಮೂಗಿನಲ್ಲೇ ಬೆಳೆಯ ಗತಿ ಹೇಳುವ ಆಸಾಮಿ. ಮರಳವಾಡಿ ಕಡೆಯ ನಮ್ಮೂರಿನ ಸಣ್ಣ ಚರ್ಚಿಗೆ ಅವರು ಉಪದೇಶಿ. ಪಾದ್ರಿಗಳು ಬರದ ದಿನ ಜಪ ಹೇಳಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು ಅವರ ಕೆಲಸ. ಉಳಿದ ಹೊತ್ತು ನಮ್ಮಂತೆಯೇ ರೇಷ್ಮೆ ಹುಳು ಸಾಕುತ್ತಿದ್ದರು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ ಅದು.

ಹುಡುಗರಾಗಿದ್ದಾಗ ಗುರುಮಠದಲ್ಲಿ ಲ್ಯಾಟಿನ್ ಕಲಿಯಲು ಹೋಗಿ, ಪಾದ್ರಿಯಾಗದೆ ಅರ್ಧಕ್ಕೇ ಬಂದಿದ್ದರಂತೆ. ಬಾಯಲ್ಲಿ ಉಳಿದದ್ದು 'ಅನಿಮ' ಅನ್ನುವ ಒಂದೇ ಮಾತು. ಹಾಗಂದರೇನು ಎಂದು ಕೇಳಿದರೆ ಒಂದು ದಿನ ಗಾಳಿ, ಒಂದು ದಿನ ಉಸಿರು, ಇನ್ನೊಂದು ದಿನ ಜೀವ. ಭಾನುವಾರವಾದರೆ ಆತ್ಮ. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಆದರೂ ಸುಮ್ಮನಿರಲಿಲ್ಲ.

"ಒಂದ್ ಮಾತ್ಗೆ ನಾಕ್ ಅರ್ಥ ಇದ್ರೆ ನಂಬೋದ್ ಹೆಂಗೆ ಇನ್ನಾಸಣ್ಣ?"

"ನಾಕೂ ಒಂದೇಯ ಕಣ್ಲಾ. ಒಸಿ ಮೂಗು ಬಾಯಿ ಮುಚ್ಕೊಂಡ್ ನೋಡು, ನಾಕೂ ಒಟ್ಗೇ ಹೊಂಟೋಯ್ತವೆ."

ಅಪ್ಪ ಹುಳುಮನೆಯನ್ನು ನನ್ನ ಕೈಗೆ ಬಿಟ್ಟ ಮೊದಲ ಬೆಳೆ. ಕೊನೆಯ ಸಲ ಪೊರೆ ಬಿಟ್ಟ ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿ ನಿಂತವು. ಚಳಿಯೆಂದು ನಾನು ಕಿಟಕಿಗೆಲ್ಲ ಗೋಣಿತಾಟು ಬಿಗಿದು, ಒಳಗೆ ಇದ್ದಿಲ ಒಲೆ ಇಟ್ಟಿದ್ದೆ. ಇನ್ನಾಸಪ್ಪನವರಿಗೆ ಹೇಳಿ ಕಳಿಸಿದೆ. ಅವರು ಯಾರನ್ನೋ ಮಣ್ಣು ಮಾಡಿಸಿ ನೇರ ಬಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಸಾವಿನ ಮನೆಯಿಂದ ಬಂದೋರು ಹುಳುಮನೆ ಮೆಟ್ಬಾರ್ದು ಕಣಣ್ಣ. ಬೆಳೆ ಕೆಟ್ಟೋಯ್ತದೆ."

"ನಾ ಮೆಟ್ಟಾಕಿಲ್ಲ ಕಣವ್ವ." ಅಂಗಳದಲ್ಲೇ ನಿಂತು ಉಸಿರೆಳೆದರು. ಮುಖ ಸಿಂಡರಿಸಿ ನನ್ನ ಕಡೆ ತಿರುಗಿದರು. "ಹೊಗೆ ಇಲ್ಲೀಗಂಟ ಹೊಡೀತೈತೆ. ಆ ತಾಟು ಕಿತ್ತಾಕ್ಲಾ. ನಾ ಮೆಟ್ಟದಿದ್ರೆ ಗಾಳಿಯಾದ್ರೂ ಮೆಟ್ಲಿ."

ಕಿತ್ತು ಹಾಕಿದೆ. ಸಂಜೆಗೆ ಹುಳು ಸೊಪ್ಪಿಗೆ ಬಾಯಿ ಹಾಕಿದವು. ಅರ್ಧ ಬೆಳೆ ಹೋಗಿತ್ತು, ನಿಜ. ಉಳಿದರ್ಧದ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಎದೆಯೆತ್ತಿಕೊಂಡೇ ಸುರಿದೆ.

ಕೆಲವು ವರ್ಷದ ಮೇಲೆ ಇನ್ನಾಸಪ್ಪನವರು ತೀರಿಕೊಂಡಾಗಲೂ ನನ್ನ ಹುಳು ಕೊನೆಯ ಹಂತದಲ್ಲಿದ್ದವು. ಅಪ್ಪ ಮಂಡಿನೋವಿಗೆ ಮಲಗಿದ್ದರು. ಅವ್ವ ತೋಟದಿಂದ ಸೊಪ್ಪು ಕೊಯ್ದು ತರುವಳು, ಒಳಗೆ ಹುಳುವಿಗೆ ಹಾಕಲು ನಾನೊಬ್ಬನೇ. ಸಾವಿಗೆ ಹೋದರೆ ಆಮೇಲೆ ಹುಳುಮನೆ ಮೆಟ್ಟುವವರು ಯಾರು ಎಂದು ಎಲ್ಲರೂ ತಡೆದರು. ಹೋದೆ. ಹೆಗಲು ಕೊಟ್ಟು, ಹಿಡಿ ಮಣ್ಣು ಹಾಕಿ, ಮಿಂದು ಬಂದೆ. ಹುಳುಮನೆ ಬಾಗಿಲಲ್ಲಿ ಅವ್ವ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದಳು. ನನ್ನ ಒದ್ದೆ ತಲೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಕುಕ್ಕೆ ಚಾಚಿದಳು.

"ಹಸ್ಕೊಂಡವೆ. ಹೋಗ್ ಹಾಕು."