ವಿಕೆಟ್ಟಿನ ಮುಂದೆ ನೆಟ್ಟ ಗುದ್ದಲಿ

ಹೊನ್ನಯ್ಯ ನಮ್ಮೂರಿನ ನೀರುಗಂಟಿ. ಕೊತ್ತತ್ತಿ ಸೀಮೆಗೆ ನಾಲೆ ಬಂದ ವರ್ಷದಿಂದ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ತೀರ್ಮಾನಿಸುತ್ತಿದ್ದವನು ಅವನೇ. ಅವನ ಹತ್ತಿರ ಗಡಿಯಾರವಿರಲಿಲ್ಲ. ಬಿಸಿಲಿಗೆ ನಿಂತು ತನ್ನ ನೆರಳನ್ನು ತಾನೇ ಪಾದದಿಂದ ಅಳೆಯುತ್ತಿದ್ದ. ಒಬ್ಬನ ಪಾಲು ಮುಗಿಯಿತೆಂದರೆ ಅವನ ಗದ್ದೆಯ ಬಾಯಿಗೆ ಮಣ್ಣು ಕಟ್ಟಿ, ಅದರ ಮುಂದೆ ತನ್ನ ಗುದ್ದಲಿಯನ್ನು ನೆಟ್ಟು ಹೋಗುತ್ತಿದ್ದ. ನೆಟ್ಟ ಗುದ್ದಲಿಯನ್ನು ಯಾರೂ ಮುಟ್ಟುವಂತಿಲ್ಲ. ದಾಯಾದಿಗಳು ಕುಡುಗೋಲು ಹಿಡಿದು ಹೊಡೆದಾಡಿದ ಕಾಲದಲ್ಲೂ ಆ ಗುದ್ದಲಿಯನ್ನು ಕಿತ್ತವರಿಲ್ಲ. ಯಾರಿಗೂ ಒಂದಡಿ ನೆರಳು ಹೆಚ್ಚು ಕೊಡದಿದ್ದುದರಿಂದ ಊರಿನಲ್ಲಿ ಅವನನ್ನು ಮೆಚ್ಚಿದವರೂ ಇರಲಿಲ್ಲ.

ಇಂಥವನು ಕ್ರಿಕೆಟ್ಟಿಗೆ ಬಂದದ್ದು ನಮ್ಮ ಪಟೇಲ್ ಚಿಕ್ಕಬೋರಯ್ಯನವರ ದೆಸೆಯಿಂದ. ಯುದ್ಧ ಶುರುವಾದ ವರ್ಷ ಮೈಸೂರಿಗೆ ಹೋಗಿದ್ದ ಪಟೇಲರು ಬಿಳಿ ಷರಾಯಿಯ ದೊರೆಗಳು ಆಡುವುದನ್ನು ನೋಡಿ, ಒಂದು ಬ್ಯಾಟು ತಂದು, ಊರಿನಲ್ಲಿ ಸಂಘ ಕಟ್ಟಿದರು. ಬ್ಯಾಟು ಅವರದು, ಕುಯಿಲಾದ ಗದ್ದೆ ಅವರದು, ಆದ್ದರಿಂದ ಕ್ಯಾಪ್ಟನ್ ಯಾರೆಂಬ ಚರ್ಚೆಯೇ ಹುಟ್ಟಲಿಲ್ಲ. ಪ್ರತಿ ಭಾನುವಾರ ಮೊದಲು ಅವರೇ ಬ್ಯಾಟು ಹಿಡಿಯುತ್ತಿದ್ದರು. ಕಂಬ ಉರುಳಿದರೆ ಗಾಳಿ, ಚೆಂಡು ಕೈಗೆ ಸಿಕ್ಕರೆ ತಾವಿನ್ನೂ ಸಿದ್ಧವಾಗಿರಲಿಲ್ಲ. ಅಂಪೈರಾಗಿದ್ದ ಭಾವಮೈದ ಮರಿಯಯ್ಯನ ಬೆರಳು ಅಕ್ಕನ ಗಂಡನ ವಿರುದ್ಧ ಎದ್ದದ್ದೇ ಇಲ್ಲ. ಪಟೇಲರು ಆರನೆಯ ಚೆಂಡಿಗೆ ತಪ್ಪದೆ ಒಂದು ರನ್ ಓಡಿ ಆ ತುದಿಗೆ ಹೋಗುತ್ತಿದ್ದರು. ಜೊತೆಗಾರನಿಗೆ ಓಡುವ ಭಾಗ್ಯ ಮಾತ್ರ. ನಾನು ಕೆಂಪಸಿದ್ದಯ್ಯ, ತಂಡದ ಹನ್ನೊಂದನೆಯವನು. ಎರಡು ವರ್ಷ ನಾಲೆಗೆ ಬಿದ್ದ ಚೆಂಡು ಎತ್ತಿದ್ದೇನೆಯೇ ಹೊರತು ಆ ಬ್ಯಾಟಿನ ತೂಕ ಎಷ್ಟೆಂದು ಕಂಡಿರಲಿಲ್ಲ. ನಮ್ಮ ಹತ್ತು ಜನರ ಹೊಟ್ಟೆಯಲ್ಲೂ ಇದೇ ಉರಿ. ಆದರೆ ಉರಿ ಬಾಯಿಗೆ ಬರಬೇಕಾದರೆ ಎದುರಿಗೆ ಪಟೇಲರು ಇರಬಾರದು.

ಮಾಘಮಾಸದ ಒಂದು ಭಾನುವಾರ ಮದ್ದೂರಿನ ಗುಮಾಸ್ತರ ತಂಡ ಬಂತು. ಮರಿಯಯ್ಯ ಅಂಪೈರಾದರೆ ಹೀಗೇ ಬಸ್ಸು ಹತ್ತಿ ಹೋಗುವುದಾಗಿ ಅವರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಯಾರಿಗೂ ನೆಂಟನಲ್ಲದ ಒಬ್ಬ ಬೇಕಾಗಿತ್ತು. ಅಷ್ಟರಲ್ಲಿ ನಾಲೆ ಏರಿಯ ಮೇಲೆ ಹೊನ್ನಯ್ಯ ಗುದ್ದಲಿ ಹೊತ್ತು ಬರುತ್ತಿದ್ದ. ಪಟೇಲರು ಅವನನ್ನು ಕರೆದು, ತಾವು ಹೇಳುವವರೆಗೆ ಬೆರಳು ಎತ್ತಕೂಡದೆಂದು ಪಾಠ ಮಾಡಿದರು. ಹೊನ್ನಯ್ಯ ಎರಡೇ ಪ್ರಶ್ನೆ ಕೇಳಿದ. ಆಡುವವರು ಎಷ್ಟು ಜನ? ಹನ್ನೊಂದು, ಮಧ್ಯಾಹ್ನದವರೆಗೆ ನಮ್ಮದು, ಆಮೇಲೆ ಅವರದು ಎಂದರು ಪಟೇಲರು. ಎಲ್ಲರೂ ಸರದಿಯ ಮೇಲೆಯೇ ಆಡುವುದೋ? ಹೌದು, ಸರದಿಯ ಮೇಲೆಯೇ ಎಂದರು. ಅಲ್ಲಿ ಕೆಟ್ಟರು.

ಆಟ ಶುರುವಾದಾಗ ಹೊನ್ನಯ್ಯನ ನೆರಳು ಹತ್ತಡಿ. ಹಮೀದ್ ಎಂಬ ಬಸ್ಸಿನ ಮೆಕ್ಯಾನಿಕ್ ಮದ್ದೂರಿನವರ ಕಡೆ ಚೆಂಡು ಎಸೆಯುತ್ತಿದ್ದ. ಎರಡು ಸಲ ಪಟೇಲರ ಕಂಬ ಉರುಳಿಸಿದ. ಎರಡು ಸಲವೂ ಗಾಳಿ ಎಂದಾಯಿತು. ಹೇಳಿಕೊಟ್ಟ ಪಾಠದಂತೆ ಹೊನ್ನಯ್ಯ ಬೆರಳು ಎತ್ತಲಿಲ್ಲ. ಆರಾರು ಚೆಂಡಿಗೊಮ್ಮೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೆರಳು ಅಳೆಯುತ್ತಿದ್ದ. ಇದು ಹೊಸ ಕಾನೂನಿರಬೇಕೆಂದು ಮದ್ದೂರಿನವರು ಗೌರವದಿಂದ ನೋಡುತ್ತಿದ್ದರು.

ನೆರಳು ಆರಡಿಗೆ ಇಳಿಯಿತು. ಚೆಂಡು ಕೂಡ ಬಂದಿರಲಿಲ್ಲ. ಹೊನ್ನಯ್ಯ ನೆಟ್ಟಗೆ ನಡೆದು ಬಂದು ಪಟೇಲರ ವಿಕೆಟ್ಟಿನ ಮುಂದೆ ಗುದ್ದಲಿ ನೆಟ್ಟ.

"ಬುದ್ದೀ, ನಿಮ್ ಸರದಿ ಮುಗೀತು. ಪಟೇಲ್ರು ಅಂತವ ಒಂದ್ ಪಾಲ್ಗೆ ಮೂರ್ ಪಾಲು ಬುಟ್ಟಿವ್ನಿ. ಕೆಳಗ್ಲೋರು ಕಾಯ್ತಾವ್ರೆ."

ಪಟೇಲರ ಮುಖ ಕೆಂಪಾಯಿತು. ಗುದ್ದಲಿಯ ಕಾವಿಗೆ ಕೈ ಚಾಚಿದರು. ಆ ಕೈ ಅರ್ಧದಲ್ಲೇ ನಿಂತಿತು. ಎಷ್ಟಾದರೂ ಒಕ್ಕಲು ಮಗ, ನೆಟ್ಟ ಗುದ್ದಲಿಯನ್ನು ಕೀಳುವುದು ಅವರಿಂದಲೂ ಆಗಲಿಲ್ಲ. ಮದ್ದೂರಿನ ಕ್ಯಾಪ್ಟನ್ ಪುಸ್ತಕ ತೆಗೆದು ಇಂಥ ಔಟು ಎಲ್ಲೂ ಇಲ್ಲವೆಂದ. ಇಲ್ಲದಿದ್ದರೆ ಬರೆದುಕೊಳ್ಳಿ ಎಂದು ಹಮೀದ್ ನಕ್ಕ. ಪಟೇಲರು ಬ್ಯಾಟನ್ನು ನೆಲಕ್ಕೆ ಎಸೆದು ಹೊಂಗೆಮರದ ಕೆಳಗೆ ಹೋಗಿ ಕೂತರು.

ಆಮೇಲೆ ಊರು ಆಡಿತು. ನೆರಳು ಅಳೆದು ಅಳೆದು ಹೊನ್ನಯ್ಯ ಒಬ್ಬೊಬ್ಬನನ್ನೇ ಕರೆದ, ಕಳಿಸಿದ. ಕೊನೆಗೆ ನನ್ನ ಹೆಸರೂ ಬಂತು. ಹತ್ತು ಚೆಂಡು ಆಡಿದೆ, ಮೂರು ರನ್ ಹೊಡೆದೆ. ಒಂದು ಚೆಂಡು ನಾಲೆಗೆ ಬಿತ್ತು, ಅದನ್ನು ಎತ್ತಿಕೊಂಡು ಬರಲು ಬೇರೆ ಯಾರೋ ಓಡಿದರು. ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಪಂದ್ಯ ಸೋತೆವು. ಸೋಮವಾರ ಬೆಳಿಗ್ಗೆ ಪಟೇಲರು ಚಾವಡಿಗೆ ಎಲ್ಲರನ್ನೂ ಕರೆಸಿದರು. ಊರಿನ ಮಾನ ಕಳೆದ ಹೊನ್ನಯ್ಯನನ್ನು ನೀರುಗಂಟಿಕೆಯಿಂದ ತೆಗೆದು ಮರಿಯಯ್ಯನಿಗೆ ಕೊಡಬೇಕೆಂದು ಅಮಲ್ದಾರರಿಗೆ ಕಾಗದ ಸಿದ್ಧವಾಗಿತ್ತು. ನೀರುಗಂಟಿಕೆ ಹೋದರೆ ಸುಗ್ಗಿಯಲ್ಲಿ ಅವನಿಗೆ ಬರುವ ಹೊರೆ ಭತ್ತವೂ ಹೋಯಿತು. ಬೇರೆ ಅಂಗೈಯಗಲ ನೆಲವೂ ಅವನಿಗಿರಲಿಲ್ಲ. ಹೊನ್ನಯ್ಯ ಕಂಬದ ಹತ್ತಿರ ನಿಂತು, "ನಾನು ಆಟ ಕಾಣೆ ಬುದ್ದಿ. ಸರದಿ ಅಂದ್ರಿ, ಸರದಿ ನೋಡ್ದೆ" ಎಂದ. ಅಷ್ಟೇ.

ಅವನು ಮಾಡಿದ್ದರಲ್ಲಿ ತಪ್ಪಿಲ್ಲವೆನ್ನುವವರಿದ್ದರೆ ಹೇಳಿ ಎಂದರು ಪಟೇಲರು. ಅವನ ಕೃಪೆಯಿಂದ ಬ್ಯಾಟು ಹಿಡಿದಿದ್ದ ಹತ್ತೂ ಜನ ಅಲ್ಲೇ ಕೂತಿದ್ದೆವು. ಒಬ್ಬನಿಗೆ ಕೆಮ್ಮು ಬಂತು. ಒಬ್ಬ ಹೆಂಚು ಎಣಿಸಿದ. ನಾನು ನನ್ನ ಕಾಲಿನ ಉಗುರು ನೋಡುತ್ತಾ ಕೂತೆ.

ಬಾಯಿ ಬಿಟ್ಟವಳು ಪಟೇಲರ ಹೆಂಡತಿ ಸೋಮಮ್ಮ. ಚಾವಡಿಯ ಮುಂದೆ ನೀರು ಹೊತ್ತು ಹೋಗುತ್ತಿದ್ದವಳು ನಿಂತಳು. ಪಟೇಲರ ಕಬ್ಬು ನಾಲೆಯ ಕೊನೆಯಲ್ಲಿತ್ತು, ಮರಿಯಯ್ಯನ ಗದ್ದೆ ತೂಬಿನ ಬಾಯಲ್ಲಿತ್ತು. ತಮ್ಮನ ಗುಣ ಅಕ್ಕನಿಗೆ ಗೊತ್ತಿಲ್ಲವೇ?

"ನನ್ ತಮ್ಮನ್ ಕೈಗೆ ನೀರು ಕೊಟ್ರೆ ಕಬ್ಬು ಸೌದೆ ಆಯ್ತದೆ. ಆಮ್ಯಾಕೆ ಆ ಬ್ಯಾಟ್ನೇ ಗದ್ದೇಲಿ ನೆಟ್ಕಳಿ" ಎಂದು ಹೇಳಿ ನಡೆದಳು.

ಪಟೇಲರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಊರಿನ ಹಿತದೃಷ್ಟಿಯಿಂದ ನೀರು ಹೊನ್ನಯ್ಯನದು, ಅಂಪೈರಿಕೆ ಮರಿಯಯ್ಯನದು ಎಂದು ತೀರ್ಪು ಕೊಟ್ಟರು. ನೀರಿಗೆ ನ್ಯಾಯಸ್ಥ ಬೇಕು, ಆಟಕ್ಕೆ ನಮ್ಮವನಿದ್ದರೆ ಸಾಕು. ನಾವೆಲ್ಲ ತಲೆ ಆಡಿಸಿದೆವು.

ಅದೇ ವಾರ ನನ್ನ ಗದ್ದೆಯ ಸರದಿ. ಈ ಸಲ ಹೊನ್ನಯ್ಯ ಅರ್ಧ ಅಡಿ ನೆರಳು ಕಡಿದರೂ ಕೇಳುವ ಮುಖ ನನಗಿರಲಿಲ್ಲ. ಅವನು ಬಂದ, ಮಣ್ಣು ಸರಿಸಿ ನೀರು ತಿರುಗಿಸಿದ, ತನ್ನ ನೆರಳನ್ನು ಅಳೆದ. ಚಾವಡಿಯ ವಿಷಯ ಎತ್ತಲು ನಾನು ಬಾಯಿ ತೆರೆದೆ.

"ಏಳಡಿ ಆಗಾಗಂಟ ನಿಂದು ಕಣ್ಲಾ" ಎಂದ. "ಓಗು, ಬದ ನೋಡ್ಕೊ."

ಪೂರ್ತಿ ಏಳಡಿಯವರೆಗೆ ನೀರು ಹರಿಯಿತು. ಬೈದಿದ್ದರೆ ವಾಸಿಯಾಗಿತ್ತು.