ಮಶೀನ್ ಕಾಕಾ ಕತ್ತರಿಸಿದ ತುಂಡು

ಮೊನ್ನೆ ರವಿವಾರ ಮೊಮ್ಮಗಳು ನನ್ನ ಮಗ್ಗುಲಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಶೀಶೆಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದ ಆ ಖಾರ ವಾಸನೆ ನನ್ನನ್ನು ಬೀದರಿನ ಈ ಮನೆಯಿಂದ ಎತ್ತಿ ಭಾಲ್ಕಿಯ ಒಂದು ಅಂಗಳದಲ್ಲಿ ಕೂಡಿಸಿತು. ಹರಿದ ಫಿಲ್ಮು ಅಂಟಿಸುವ ಅಂಟಿಗೂ ಅದೇ ವಾಸನೆ. ನಮ್ಮ ನೆರೆಮನೆಯಲ್ಲಿದ್ದ ಮಶೀನ್ ಕಾಕಾ ಅವರ ಕೈಯಿಂದ ಆ ವಾಸನೆ ಹೋಗುತ್ತಲೇ ಇರಲಿಲ್ಲ. ರೊಟ್ಟಿ ಮುರಿಯುವಾಗಲೂ ಬರುತ್ತದೆ ಎಂದು ಅವರ ಹೆಂಡತಿ ಗೊಣಗುತ್ತಿದ್ದರು...

“ಭಾಲ್ಕಿ ಟೆಂಟಿನ ವಾಸನಿ ಬಂತು ನೋಡು” ಅಂದೆ, ಅಷ್ಟೇ. ಪಕ್ಕದಲ್ಲಿದ್ದ ಮೊಮ್ಮಗ ತಲೆ ಎತ್ತಿದ. “ಆಯೀ, ಭಾಲ್ಕಿ ಟೆಂಟ್ ಟಾಕೀಜಿನ ಮ್ಯಾಲೆ ಒಂದು ಸಾಕ್ಷ್ಯಚಿತ್ರ ಬಂದದ. ನಮ್ಮ ಕಾಲೇಜಿನಾಗ ಎಲ್ಲಾರೂ ನೋಡ್ಯಾರ. ನೋಡ್ತಿ ಏನು?” ಎಂದು ಫೋನನ್ನು ನನ್ನ ಕಣ್ಣ ಮುಂದೆ ಹಿಡಿದ.

ನೋಡಿದೆ. ನೋಡಿದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಬಾಯಿಂದ ಹೇಳಲು ಹೋದರೆ ನನಗೆ ದನಿ ನಡುಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮನ್ನಳ್ಳಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳ ಅಕ್ಷರ ಇದು. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ. ಆದರೆ ಸಂಗತಿಯಲ್ಲಿ ತಪ್ಪಿಲ್ಲ.

ಆ ಸಾಕ್ಷ್ಯಚಿತ್ರ ಹೇಳುವುದು ಇಷ್ಟು. ಎಪ್ಪತ್ತೆರಡರ ಬರದಲ್ಲಿ ನಮ್ಮ ಕಡೆಯಿಂದ ಮುಂಬಯಿಗೆ ಗುಳೆ ಹೋದ ಒಬ್ಬ ಕುರಿಗಾರನನ್ನು ಅಲ್ಲಿ ಒಂದು ಸಿನಿಮಾದವರು ಕ್ಯಾಮೆರಾ ಮುಂದೆ ನಿಜವಾಗಿಯೇ ಕೊಂದರಂತೆ. ಆ ಸಿನಿಮಾ ಭಾಲ್ಕಿಯ ಟೆಂಟಿಗೆ ಬಂತಂತೆ. ಅದನ್ನು ನೋಡಿ ಅವನ ಹೆಂಡತಿ ಬಾವಿಗೆ ಹಾರಿದಳಂತೆ. ಟೆಂಟಿನಲ್ಲಿ ಸಿನಿಮಾ ತೋರಿಸುವ ಮಶೀನು ನಡೆಸುವವನು ಕೊಲೆಯ ತುಂಡನ್ನು ಕತ್ತರಿಸಿ ಮುಚ್ಚಿಟ್ಟು ಊರು ಬಿಟ್ಟು ಓಡಿದನಂತೆ. ಬಾಯಲ್ಲಿ ಬೀಡಿ, ಹೊಗೆಯೊಳಗೆ ಅರ್ಧ ಮುಖ, ಕೈಯಲ್ಲಿ ಕತ್ತರಿ ಇರುವ ಒಬ್ಬ ವೇಷಗಾರನನ್ನು ಮಶೀನ್ ಕಾಕಾ ಎಂದು ತೋರಿಸಿದ್ದಾರೆ. ನಮ್ಮ ಕಾಕಾ ಬೀಡಿ ಮುಟ್ಟುತ್ತಿರಲಿಲ್ಲ. ಫಿಲ್ಮಿನ ಹತ್ತಿರ ಬೆಂಕಿ ತರಬಾರದು ಎಂದು ಎಂದೋ ಬಿಟ್ಟವರು.

ಮಕ್ಕಳೇ, ಆ ಸತ್ತ ಕುರಿಗಾರ ನಿಮ್ಮ ಮುತ್ಯಾ, ನನ್ನ ಗಂಡ. ನಿಮ್ಮನ್ನು ಹೆಗಲ ಮೇಲೆ ಕೂಡಿಸಿಕೊಂಡು ಕೋಟೆ ತೋರಿಸಿದವರು, ಆರು ವರ್ಷದ ಹಿಂದೆ ಇದೇ ಮನೆಯಲ್ಲಿ ಹಾಸಿಗೆಯ ಮೇಲೆ ತೀರಿಕೊಂಡವರು. ಬಾವಿಗೆ ಹಾರಿದ ಹೆಂಡತಿ ನಾನು. ಫೋನಿನಲ್ಲಿ ನಾನು ಬಾವಿಗೆ ಬೀಳುವಾಗ ಇಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

ನೀವು ನಕ್ಕಿರಿ. ನನಗೂ ಒಂದು ಗಳಿಗೆ ನಗು ಬಂತು. ಕೊನೆಗೆ ಆ ಚಿತ್ರ ಮಾಡಿದ ಹುಡುಗ ಮೈಕು ಹಿಡಿದು, “ಇದು ನಿಜವೋ ದಂತಕಥೆಯೋ, ನೀವೇ ತೀರ್ಮಾನಿಸಿ” ಅಂದಾಗ ನಗು ನಿಂತಿತು. ನಾವೇ ತೀರ್ಮಾನಿಸುವುದಾದರೆ ನೀನು ಕಾರು ಕಟ್ಟಿಕೊಂಡು, ಕ್ಯಾಮೆರಾ ಹೊತ್ತುಕೊಂಡು ಭಾಲ್ಕಿಯವರೆಗೆ ಬಂದದ್ದು ಯಾತಕ್ಕೆ? ವಿಚಾರಿಸಲಿಕ್ಕೆ ಬಂದವನು ವಿಚಾರಿಸಬೇಕು. ಅರ್ಧ ಕೇಳಿ, ಉಳಿದರ್ಧಕ್ಕೆ ಹೊಗೆ ಬಿಟ್ಟು ವಾದ್ಯ ಬಾರಿಸಿದರೆ ಅದು ವಿಚಾರಣೆಯೇ?

ಆ ವರ್ಷ ಔರಾದ ಕಡೆಯ ನಮ್ಮ ಊರಿನಲ್ಲಿ ಕುರಿಗೆ ಹುಲ್ಲಿರಲಿಲ್ಲ, ನೀರಿರಲಿಲ್ಲ. ಇದ್ದ ಕುರಿಗಳನ್ನು ಬಂದ ಬೆಲೆಗೆ ಕೊಟ್ಟು ನಿಮ್ಮ ಮುತ್ಯಾ ಮುಂಬಯಿಗೆ ಹೋದರು. ಅತ್ತೆಯೂ ನಾನೂ ಭಾಲ್ಕಿಯಲ್ಲಿದ್ದ ಭಾವನ ಕೋಣೆಗೆ ಬಂದೆವು. ಹಗಲು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವುದು, ಸಂಜೆ ಸರ್ಕಾರದ ಕೆಂಪು ಜೋಳದ ರೊಟ್ಟಿ. ನನಗೆ ಮದುವೆಯಾಗಿ ಒಂದು ವರ್ಷವಷ್ಟೇ. ಎಂಟು ತಿಂಗಳು ಅವರಿಂದ ಒಂದು ಕಾಗದ ಇಲ್ಲ, ಯಾರ ಕೈಯಲ್ಲೂ ಒಂದು ಖಬರ್ ಇಲ್ಲ.

ಅದೇ ಅಂಗಳದ ಎದುರು ಕೋಣೆಯಲ್ಲಿ ಮಶೀನ್ ಕಾಕಾ ಇದ್ದರು. ಮೆಲ್ಲಗೆ ಮಾತಾಡುವ, ಸಣ್ಣ ದೇಹದ ಮನುಷ್ಯ. ಹಗಲು ಹೊತ್ತು ಅಂಗಳದಲ್ಲಿ ಚಾಪೆ ಹಾಸಿ, ಫಿಲ್ಮಿನ ಸುರುಳಿಯನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತುತ್ತ, ಅದರ ಅಂಚನ್ನು ಎರಡು ಬೆರಳ ನಡುವೆ ಹಾಯಿಸುತ್ತಿದ್ದರು. ಎಲ್ಲಿ ತೂತು ಹರಿದಿದೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಹರಿದಲ್ಲಿ ನಿಲ್ಲಿಸಿ, ಬ್ಲೇಡಿನಿಂದ ಕೆರೆದು, ಒಂದು ಹನಿ ಅಂಟು ಹಚ್ಚಿ ಒತ್ತಿ ಹಿಡಿದು ಬಾಯಲ್ಲೇ ಇಪ್ಪತ್ತು ಎಣಿಸುವರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಓರೆಗಣ್ಣಿನಿಂದ ನೋಡುತ್ತಿದ್ದೆ. ಅವರ ಜೊತೆ ನೇರವಾಗಿ ಮಾತಾಡಿದವಳಲ್ಲ. ಏನಿದ್ದರೂ ಅತ್ತೆಯ ಮೂಲಕ.

ಒಂದು ಸಂಜೆ ಮೊದಲ ಆಟ ನೋಡಿ ಬಂದ ಭಾವ ಹೊಸ್ತಿಲ ಮೇಲೆ ಕುಸಿದು ಕೂತರು. ಸಿನಿಮಾದಲ್ಲಿ ಡಕಾಯಿತರು ಒಂದು ಹಳ್ಳಿಗೆ ನುಗ್ಗುತ್ತಾರೆ, ಗುಂಡು ಹಾರಿಸುತ್ತಾರೆ, ಮೊದಲು ಬೀಳುವವನು ನಮ್ಮ ತಮ್ಮ, ಎಂದರು. ಮರುದಿನ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಹುಟ್ಟಿದ ಮೇಲೆ ನೋಡಿದ ಮೊದಲ ಸಿನಿಮಾ ಅದು. ಎಂಟು ತಿಂಗಳ ಮೇಲೆ ಗಂಡನ ಮುಖ ಕಂಡೆ, ಕಂಡ ಗಳಿಗೆಯಲ್ಲೇ ಅವರು ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಅಂಗಿ ಕೆಂಪಾಯಿತು. ಆಮೇಲೆ ನಾನು ಏನೂ ನೋಡಲಿಲ್ಲ...

ಇಲ್ಲಿಂದ ಊರಿನ ಬಾಯಿ ತೆರೆಯಿತು. ಮುಂಬಯಿಯಲ್ಲಿ ಬರದ ಊರಿನ ಕೂಲಿಗಳನ್ನು ಹಿಡಿದು ನಿಜವಾದ ಗುಂಡು ಹೊಡೆಯುತ್ತಾರೆ, ಕೇಳುವವರಿಲ್ಲದ ಜನ ಎಂದು ಕೊಲ್ಲುತ್ತಾರೆ, ರಕ್ತ ಖರೇ ರಕ್ತವೇ, ಎಂದು ಒಬ್ಬ ಹೇಳಿದ. ನೂರು ಜನ ಹೇಳಿದರು. ಟೆಂಟಿನ ಮಾಲಕ ಹಬ್ಬ ಬಂದವನ ಹಾಗೆ ಟಾಂಗಾಕ್ಕೆ ಧ್ವನಿವರ್ಧಕದ ಕರ್ಣೆ ಕಟ್ಟಿಸಿ, “ಖರೇ ಸಾವು, ನಮ್ಮ ಊರಾವನ ಸಾವು, ಬಂದು ನೋಡ್ರಿ” ಎಂದು ಓಣಿ ಓಣಿ ಕೂಗಿಸಿದ. ಆ ಟಾಂಗಾ ನಮ್ಮ ಅಂಗಳದ ಮುಂದೆಯೂ ಹೋಯಿತು. ಟೆಂಟಿನಲ್ಲಿ ಜನ ಮತ್ತೊಮ್ಮೆ ತೋರಿಸಿ ಎಂದು ಗದ್ದಲ ಹಾಕಿದರೆ, ಅದೇ ಸಾವನ್ನು ಎರಡು ಸಲ, ಮೂರು ಸಲ ತೋರಿಸು ಎಂದು ಮಾಲಕ ಕಾಕಾಗೆ ಹುಕುಂ ಮಾಡಿದ. ಕೆಂಪು ಜೋಳ ತಿನ್ನುವ ಜನವೂ ನನ್ನ ಗಂಡನ ಸಾವು ನೋಡಲು ಟಿಕೇಟು ತೆಗೆದರು. ಈಗಿನ ಸಾಕ್ಷ್ಯಚಿತ್ರಕ್ಕೂ ಆ ಟಾಂಗಾಕ್ಕೂ ನನಗೆ ಏನೂ ಫರಕು ಕಾಣುವುದಿಲ್ಲ.

ನಮ್ಮಲ್ಲಿ ಹೊರಗೆ ಸತ್ತು ದೇಹ ಸಿಗದವರಿಗೆ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಮಾಡುವ ರೂಢಿ ಇತ್ತು. ಅವತ್ತೇ ಹೆಂಡತಿಯ ಬಳೆ ಒಡೆಯುತ್ತಾರೆ, ಕುಂಕುಮ ಒರೆಸುತ್ತಾರೆ. ಆಮೇಲೆ ಗಂಡ ಬದುಕಿ ಬಂದರೂ ಆ ಹೆಂಗಸು ಮೊದಲಿನ ಹಾಗೆ ಮನೆ ಹೊಕ್ಕಳು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಊರಿನಿಂದ ಹಿರಿಯ ಮಾವ ಬಂದು ಸೋಮವಾರ ಎಂದು ದಿನ ಗೊತ್ತು ಮಾಡಿದರು. ಅತ್ತೆ ಗೋಡೆಗೆ ಆನಿಕೊಂಡು ಕೂತವರು, “ತಿನ್ಲಿಕ್ಕಿ ಹಿಟ್ಟಿಲ್ಲ, ಗೊಂಬಿಗಿ ಎಲ್ಲಿಂದ ತರ್ಲಿ?” ಅಂದರು.

ನನಗೆ ಹದಿನೆಂಟು. ಬಳೆಯ ಮೇಲೆ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದೆ.

ರವಿವಾರ ಮುಂಜಾನೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಒಂದೇ ಕಡೆ ಮತ್ತೆ ಮತ್ತೆ ಓಡಿಸಿದ್ದರಿಂದ ಫಿಲ್ಮು ಅಲ್ಲಿ ಹರಿದಿತ್ತು. ಅಂಟಿಸಲು ಕೂತಾಗ ಅವರಿಗೆ ಏನೋ ಕಂಡಿತ್ತು. ಕೈಯಲ್ಲಿ ಫಿಲ್ಮು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ, ಗಡಿಯಾರ ದುರಸ್ತಿಯವನಿಂದ ತಂದ ಒಂದು ಭಿಂಗ.

“ಅಕ್ಕಾ, ನಿನ್ನ ಮಗ ಸತ್ತಿಲ್ಲ” ಅಂದರು ಅತ್ತೆಗೆ. “ಬಿಸಲಿಗಿ ಬಾ, ತೋರಸ್ತೇನಿ.”

ಹಿರಿಯ ಮಾವ ಮೊದಲು ನೋಡಿದರು. ಚೌಕ ಚೌಕವಾಗಿ ನಿಮ್ಮ ಮುತ್ಯಾ ಬಿದ್ದಿದ್ದರು. ಬಿದ್ದಾಗ ಮೊಣಕಾಲ ಮೇಲಕ್ಕೆ ಸರಿದಿದ್ದ ಧೋತರ ಒಂದೊಂದು ಚೌಕದಲ್ಲಿ ಒಂದೊಂದು ಕೂದಲೆಳೆಯಷ್ಟು ಕೆಳಗೆ ಬರುತ್ತಿತ್ತು. ಅಷ್ಟಕ್ಕೆ ಆ ದೃಶ್ಯ ಮುಗಿಯುತ್ತಿತ್ತು. ಓಡುವ ಸಿನಿಮಾದಲ್ಲಿ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.

“ಗಾಳಿಗಿ ಅರಿವಿ ಹಾರಿರಬೇಕು” ಅಂದರು ಮಾವ.

“ಗಾಳಿಗಿ ಹಾರಿದರ ಮ್ಯಾಲೆ ಹೋಗ್ತದರಿ ಮಾವಾ, ಮೊಣಕಾಲ ಮುಚ್ಚಲ್ಲ. ಬಟ್ಟು ನೋಡ್ರಿ, ಅಂಚು ಹಿಡದಾವ.”

“ನಿನ್ನ ಧಂದಾನೇ ಕಣ್ಕಟ್ಟು. ನಿನ್ನ ಮಾತು ನಂಬಿ ಹ್ಯಾಂಗ ದಿನಾ ಮುಂದ ಹಾಕ್ಲಿ?”

ಕಾಕಾಗೆ ಸಿಟ್ಟು ಬರಲಿಲ್ಲ. “ನನ್ನ ಮಾತು ನಂಬಬ್ಯಾಡ್ರಿ. ಬಳಿ ಯಾರವು ಒಡಿಲತ್ತೀರಿ, ಅಕಿಗಿ ತೋರಸ್ರಿ” ಅಂದರು.

ಅತ್ತೆ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ತಂದರು. ಸೆರಗಿನೊಳಗಿನಿಂದಲೇ ಭಿಂಗಕ್ಕೆ ಕಣ್ಣು ಹಚ್ಚಿದೆ. ಮೊದಲು ಬರೀ ಬೆಳಕು. ಆಮೇಲೆ ಆ ಕೈ... ಎರಡು ಬೆರಳಿನಿಂದ ಅಂಚು ಹಿಡಿದು ಮೊಣಕಾಲು ಮುಚ್ಚುವ ಆ ಕೈಯನ್ನು ನಾನು ಒಂದು ವರ್ಷ ದಿನಾ ನೋಡಿದ್ದೆ. ಅಷ್ಟು ಗಂಡಸರ ಮುಂದೆ ನಾನು ಬಾಯಿ ಬಿಟ್ಟದ್ದು ಅವತ್ತೇ ಮೊದಲು.

“ಅವರೇ ಅದಾರ. ಮೊಣಕಾಲ ಮುಚ್ಚಲತ್ತಾರ.”

ಅತ್ತೆ ನೆಲದ ಮೇಲೇ ಕೂತುಬಿಟ್ಟರು. “ಸಣ್ಣಾಂವ ಇದ್ದಾಗ ಮೊಣಕಾಲ ಸುಟಗೊಂಡಿದ್ದ. ಆ ಕಲಿ ಯಾರಿಗೂ ಕಾಣಬಾರ್ದು ಅಂತ ನಿದ್ದ್ಯಾಗ ಸೈತ ಮುಚಗೊಳ್ತಾನ” ಅಂದರು. ಅಳುತ್ತಲೇ ನಗತೊಡಗಿದರು. “ಸತ್ತ ಮ್ಯಾಲೂ ಬಿಟ್ಟಿಲ್ಲ ನೋಡು, ಹುಚ್ಚಪ್ಯಾಲಿ.”

ಮಾವ ಮತ್ತೊಮ್ಮೆ ಭಿಂಗ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ, ನಾನೊಬ್ಬ ನಂಬಿದರೆ ಸಾಲದು, ಊರಿನಲ್ಲಿ ಉಳಿದವರಿಗೂ ತೋರಿಸಬೇಕು ಅಂದರು. ಆದರೆ ಮರುದಿನ ಮುಂಜಾನೆ ಬಸ್ಸಿಗೆ ಸಿನಿಮಾದ ಡಬ್ಬಿಗಳು ಔರಾದಿನ ಟೆಂಟಿಗೆ ಹೋಗುವುದಿತ್ತು. ಕಾಕಾ ಚಾಪೆಯ ಮೇಲೆ ಕೂತು ಆ ಒಂದು ಗೇಣು ಫಿಲ್ಮನ್ನು ಕತ್ತರಿಸಿ, ಎರಡೂ ತುದಿ ಕೆರೆದು ಅಂಟಿಸಿ, ತುಂಡನ್ನು ಅತ್ತೆಯ ಅಂಗೈಯಲ್ಲಿ ಇಟ್ಟರು. ಬೇರೆಯವರ ಫಿಲ್ಮಿಗೆ ಕತ್ತರಿ ಹಾಕುವುದು ಅವರ ಕೆಲಸದಲ್ಲಿ ಎಂಥ ತಪ್ಪು ಎಂದು ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಮುಚ್ಚಿಟ್ಟ ತುಂಡು ಎಂದರೆ ಇದೇ. ಅದರಲ್ಲಿ ಇದ್ದದ್ದು ಕೊಲೆಯಲ್ಲ, ಜೀವ.

ಗೊಂಬೆ ಮಾಡಲಿಲ್ಲ, ಬಳೆ ಉಳಿದವು. ಔರಾದಿನಲ್ಲಿ ಮಶೀನು ನಡೆಸುವವನು ಹೊಸ ಅಂಟು ಕಂಡು ಭಾಲ್ಕಿಯ ಮಾಲಕನಿಗೆ ಖಬರ್ ಮುಟ್ಟಿಸಿದ. ಅದಕ್ಕೂ ಮೊದಲೇ, ಸತ್ತವನು ಬದುಕಿದ್ದಾನೆ ಎಂಬ ಸುದ್ದಿ ಹಬ್ಬಿ ರವಿವಾರದ ಕೊನೆಯ ಆಟಕ್ಕೆ ಟೆಂಟಿನ ಜನವೂ ಕರಗಿತ್ತು. ಮಾಲಕ ಕಾಕಾ ಅವರನ್ನು ಕೆಲಸದಿಂದ ತೆಗೆದ. ಆ ವಾರದಲ್ಲೇ ಗಂಡ ಹೆಂಡತಿ ಒಂದು ಟ್ರಂಕು ಹೊತ್ತುಕೊಂಡು ಹೊರಟರು. ಓಡಿಹೋಗಲಿಲ್ಲ, ಎಲ್ಲರೂ ನೋಡುವಾಗ ಹಗಲಿನಲ್ಲೇ ನಡೆದು ಹೋದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಹೊರಗೆ ಬಂದು ಒಂದು ಮಾತು ಆಡಲು ನನಗೆ ನಾಚಿಕೆ.

ಮಳೆ ಬಂದ ಮೇಲೆ ನಿಮ್ಮ ಮುತ್ಯಾ ಬಂದರು. “ಬೀಳೋದಕ್ಕ ಒಂದು ದಿನದ ಕೂಲಿ, ಮ್ಯಾಲೆ ಊಟ. ನಾಕು ಸಲ ಬಿದ್ದೆ, ಅವರಿಗಿ ಚಲೋ ಅನ್ಸಿದ್ದೇ ಇಲ್ಲ” ಎಂದು ನಕ್ಕರು. ಅಕ್ಷರ ಬಾರದವರು, ಬರೆದು ಕೊಡುವವನು ಸಿಗದೆ ಕಾಗದ ಹಾಕಿರಲಿಲ್ಲ. ಕಾಕಾ ಅವರನ್ನು ಹುಡುಕಿಕೊಂಡು ಬೀದರಿಗೆ ಎರಡು ಸಲ ಹೋದರು. ಒಬ್ಬರು ಹೈದರಾಬಾದ್ ಅಂದರು, ಒಬ್ಬರು ಲಾತೂರ್ ಅಂದರು...

ಸಿಟ್ಟೆಲ್ಲ ಆ ಮೈಕಿನ ಹುಡುಗನ ಮೇಲೆ ಹಾಕಿದರೆ ನಾನೂ ಅರ್ಧ ಹೇಳಿದಂತಾಗುತ್ತದೆ. ನಿಮ್ಮ ಮುತ್ಯಾ ಬಂದ ಮೇಲೆ, ಮುಖಕ್ಕೆ ಬಣ್ಣ ಬಳಿದುಕೊಂಡು ಸಿನಿಮಾದಲ್ಲಿ ಬಿದ್ದ ಎಂದು ಹೊರಗೆ ಹೇಳಬೇಡಿ, ಮನೆತನದ ಮಾನಕ್ಕೆ ಕಡಿಮೆ, ಎಂದು ಹಿರಿಯರು ತಾಕೀತು ಮಾಡಿದರು. ಕೇಳಿದವರಿಗೆ ಅವರು ಗಿರಣಿಯಲ್ಲಿದ್ದರು ಅಂದೆವು. ನಾವು ಊರಿಗೆ ಮರಳಿದೆವು. ಭಾಲ್ಕಿಯಲ್ಲಿ ಉಳಿದದ್ದು ಕತ್ತರಿ ಹಿಡಿದ ಒಬ್ಬ ಮನುಷ್ಯನ ಕತೆ ಮಾತ್ರ. ಗೊತ್ತಿದ್ದವರು ನಾವು ಬಾಯಿ ಮುಚ್ಚಿಕೊಂಡೆವು. ಅದು ಐವತ್ತು ವರ್ಷ ಬೆಳೆಯಿತು.

ಅದಕ್ಕೇ ನಿನ್ನೆ ಮೊಮ್ಮಗನಿಂದ ಆ ಹುಡುಗನಿಗೆ ಫೋನು ಮಾಡಿಸಿದೆ. ಎಲ್ಲ ಹೇಳಿದೆ. ದನಿ ನಡುಗಿದರೂ ಹೇಳಿದೆ. ಅವನು ಮರ್ಯಾದೆಯಿಂದಲೇ ಕೇಳಿದ. “ಅಜ್ಜಿ, ತುಂಬಾ ಚೆನ್ನಾಗಿದೆ. ನೀವು ಕ್ಯಾಮೆರಾ ಮುಂದೆ ಮಾತಾಡಿ. ಆದ್ರೆ ತಾತ ವಾಪಸ್ ಬಂದ್ರು ಅನ್ನೋದನ್ನ ಕೊನೆವರೆಗೂ ಹೇಳೋದು ಬೇಡ” ಅಂದ. ಆ ತುಂಡು ಇದೆಯೇ ಎಂದು ಕೇಳಿದ. ಅತ್ತೆ ಅದನ್ನು ಅರಿಷಿಣದ ಡಬ್ಬಿಯಲ್ಲಿ ಇಟ್ಟಿದ್ದರು. ಬಣ್ಣ ಹಾರಿ ಗುಲಾಬಿಯಾಗಿ, ಸುರುಟಿ, ಮುರಿದು ಪುಡಿಯಾಯಿತು. ಇಲ್ಲ ಎಂದೆ. “ಹಾಗಾದ್ರೆ ಸಾಕ್ಷಿ ಕಷ್ಟ ಅಜ್ಜಿ. ಇದೂ ಒಬ್ಬರ ಮಾತಾಗುತ್ತೆ” ಅಂದ.

“ಬಾವಿ ಕತಿ ಹೇಳಿದಾವ್ನ ಕೈಯಾಗ ಯಾವ ಸಾಕ್ಷಿ ಇತ್ತಪಾ?” ಅಂದೆ.

ಅವನು ಮೆತ್ತಗಿನ ದನಿಯಲ್ಲಿ, “ಆಯ್ತು ಅಜ್ಜಿ, ಕನಿಷ್ಠ ಅವರ ಹೆಸರು ಹೇಳಿ. ಅವರ ಮಕ್ಕಳು ಯಾರಾದ್ರೂ ಇದ್ರೆ ಹುಡುಕ್ತೀನಿ, ತಪ್ಪಾಗಿದ್ರೆ ತಿದ್ದುತೀನಿ” ಅಂದ. ಅವನು ಕೇಳಿದ ನ್ಯಾಯದ ಮಾತು ಅದೊಂದೇ.

ಅತ್ತೆ ಅವರನ್ನು ಮಶೀನಿನ ತಮ್ಮ ಎನ್ನುತ್ತಿದ್ದರು. ಭಾವ ಮಶೀನ್ವಾಲಾ ಎನ್ನುತ್ತಿದ್ದರು. ನಿಮ್ಮ ಮುತ್ಯಾ ನಾವು ಹೇಳಿದ್ದನ್ನು ಕೇಳಿ ಮಶೀನ್ ಕಾಕಾ ಅಂದೇ ಹುಡುಕಿದ್ದು. ಅವರೆಲ್ಲ ಈಗ ಇಲ್ಲ. ಹೆಂಗಸರು ಪರಗಂಡಸರ ಹೆಸರು ಕೇಳುವ ಕಾಲವೂ ಅದಲ್ಲ.

ಆ ಹುಡುಗ ಫೋನಿನಲ್ಲಿ ಬಹಳ ಹೊತ್ತು ಕಾದ. ಹೇಳಲಿಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ.