ಕೆಂಪು ಸೀಟಿನ ಸ್ಕೂಟರ್

ರಾಯಚೂರಿನ ಬಿಸಿಲಿಗೆ ಬೈಕಿನ ಸೀಟು ಎರಡು ಬೇಸಿಗೆ ತಡೆದರೆ ಅದೇ ಹೆಚ್ಚು. ಆಮೇಲೆ ಬಿರಿಯುತ್ತದೆ, ಸ್ಪಂಜು ಹೊರಗೆ ಇಣುಕುತ್ತದೆ, ಕೂತವರ ಪ್ಯಾಂಟಿಗೆ ಅಂಟುತ್ತದೆ. ಊರಿನವರೆಲ್ಲ ಬಯ್ಯುವ ಆ ಬಿಸಿಲೇ ಅಮೋಘಸಿದ್ದನಿಗೆ ಅನ್ನ ಹಾಕುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನದೊಂದು ಸೀಟು ಹೊಲಿಯುವ ಅಂಗಡಿ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಕುಳಿತುಕೊಳ್ಳಲು ಯಾರದೋ ಹಳೆಯ ಬುಲೆಟ್ಟಿನ ಸೀಟು, ಅಷ್ಟೇ. ಅಂಗಡಿಯ ಹಿಂದೆಯೇ ಮನೆ.

ಹುಟ್ಟಿದ್ದು ದೇವದುರ್ಗದ ಕಡೆ ಅರಕೇರಾದಲ್ಲಿ, ಕುರಿ ಕಾಯುವ ಮನೆಯಲ್ಲಿ. ಅವನ ಅಪ್ಪ ಕನಕರಾಯ ಮಳೆಗಾಲ ಮುಗಿಯುತ್ತಲೇ ಕುರಿ ಹೊಡೆದುಕೊಂಡು ನದಿ ದಾಟಿ ತೆಲಂಗಾಣದ ಕಡೆ ಹೋಗಿಬಿಡುತ್ತಿದ್ದ. ಸಂಸಾರವೂ ಹಿಂದೆಯೇ. ಹಿಂದೆ ಅಂದರೆ ತಪ್ಪಾಯಿತು, ಮುಂದೆ. ಕುರಿಗಾರರ ಪದ್ಧತಿಯೇ ಹಾಗೆ. ಬೆಳಿಗ್ಗೆ ಹೆಂಗಸರು ಗಡಿಗೆ, ಕಂಬಳಿ, ಮರಿ, ಕೂಸು ಎಲ್ಲವನ್ನೂ ಕುದುರೆಯ ಮೇಲೆ ಹೇರಿಕೊಂಡು ಮುಂದೆ ಹೋಗಬೇಕು. ಸಂಜೆ ಇಳಿಯುವ ಜಾಗದಲ್ಲಿ ಮೂರು ಕಲ್ಲು ಹೂಡಿ, ಒಲೆ ಹೊತ್ತಿಸಿ, ಬಿಡಾರ ಬಿಟ್ಟಿರಬೇಕು. ಗಂಡಸರು ಕುರಿ ಮೇಯಿಸಿಕೊಂಡು ನಿಧಾನಕ್ಕೆ ಬಂದು ಆ ಹೊಗೆ ಕಂಡ ಕಡೆ ಕಾಲು ಹಾಕುತ್ತಾರೆ. ಕುದುರೆಯ ಮೇಲೆ ಕುರಿಮರಿಗಳ ನಡುವೆ ಕೂತು ಊರೂರು ನೋಡಿದವನು ಅಮೋಘಸಿದ್ದ. ಈ ಕತೆಯನ್ನು ತನ್ನ ಇಬ್ಬರು ಮಕ್ಕಳಿಗೆ ಎಷ್ಟು ಸಲ ಹೇಳಿದ್ದನೋ, ಆರು ವರ್ಷದ ಪ್ರಭುರಾಜ ಅದನ್ನು ತಾನೇ ಕಂಡವನ ಹಾಗೆ ಹೇಳುತ್ತಿದ್ದ.

ಅವನ ಹೆಂಡತಿ ರಾಧಾ ಮಾನ್ವಿಯವಳು. ಮಾತಿನ ಮಲ್ಲಿ. ಅವಳಿದ್ದ ಕಡೆ ಮೌನಕ್ಕೆ ಕೂರಲು ಜಾಗವಿರಲಿಲ್ಲ.

ಒಂದು ದಿನ ಅಂಗಡಿಯ ಮುಂದೆ ಎರಡು ದೊಡ್ಡ ಬೈಕುಗಳು ನಿಂತವು. ಯಾವ ದೇಶದವರೋ ಏನೋ, ಗಂಡ ಹೆಂಡತಿ ಇಬ್ಬರು ಮಕ್ಕಳು, ಹಂಪಿ ನೋಡಿಕೊಂಡು ಹೈದರಾಬಾದಿಗೆ ಹೊರಟಿದ್ದರು. ಗಂಡ ಒಂದು ಬೈಕು, ಹೆಂಡತಿ ಒಂದು ಬೈಕು, ಇಬ್ಬರ ಹಿಂದೆಯೂ ಒಂದೊಂದು ಮಗು. ಚಿಕ್ಕ ಮಗುವಿನ ಸೀಟು ಹರಿದಿತ್ತು. ಅಮೋಘಸಿದ್ದ ಅದನ್ನು ಹೊಲಿದ. ಮಗು ಹಿಡಿದುಕೊಳ್ಳಲು ಸೀಟಿನ ಎರಡೂ ಬದಿಗೆ ಪಟ್ಟಿಯ ಹಿಡಿಕೆ ಇತ್ತು, ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮಗಳು ಉಮಾದೇವಿ ತನ್ನ ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ ಅವರನ್ನು ಏನೇನೋ ಕೇಳಿದಳು. ಅವರು ಹೋದ ಮೇಲೆ ಪ್ರಭುರಾಜ ಕೇಳಿದ, "ಯಪ್ಪಾ, ಅವರು ಮಕ್ಕಳನ್ನ ಕಟ್ಕೊಂಡು ನಮ್ಮ ದೇಶಕ್ಕ ಬಂದಾರ. ನಾವು ಯಾಕ ಅವರ ದೇಶಕ್ಕ ಹೋಗಬಾರದು?"

"ಸಮುದ್ರದ ಮ್ಯಾಲ ಬೈಕ್ ಹೋಗಂಗಿಲ್ಲಪ್ಪ," ಅಂದ ಅಮೋಘಸಿದ್ದ.

"ನೇಪಾಳಕ್ಕ ಹೋಗತದ," ಅಂದಳು ಉಮಾದೇವಿ. "ಅದೂ ಬ್ಯಾರೆ ದೇಶನ. ನಮ್ಮ ಮಂದಿಗೆ ಪಾಸ್‌ಪೋರ್ಟೂ ಬ್ಯಾಡಂತ."

ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಆಮೇಲೆ ನೇಪಾಳದ್ದೇ ಜಪ. ಗಲ್ಲಿಯವರು ನಕ್ಕರು. ಸೀಟು ಹೊಲಿಯುವವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೈಕಿನ ಮೇಲೆ ವಿದೇಶ ಪ್ರವಾಸ ಹೊರಟರೆ ನಗದೆ ಏನು ಮಾಡುತ್ತಾರೆ? ನಗುವವರ ಬಾಯಿಗೆ ಯಾರಿಂದ ಬೀಗ ಹಾಕಲಾದೀತು? ಆದರೆ ರಾಧಾ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ನಾಲ್ವರೂ ಒಂದೇ ಬೈಕಿನ ಮೇಲೆ ಹೋಗುವಂತಿರಲಿಲ್ಲ, ಪೊಲೀಸರು ಹಿಡಿಯುತ್ತಾರೆ. ಅವಳೇ ಹೇಳಿದಳು, "ನಾ ಸ್ಕೂಟರ್ ಕಲೀತೀನಿ. ನಿಮ್ಮ ಹಿಂದ ಕುಂತು ನೇಪಾಳ ನೋಡೂದಂದ್ರ ನಿಮ್ಮ ಬೆನ್ನು ನೋಡೂದು. ಅದನ್ನ ಮನ್ಯಾಗ ನೋಡೇ ನೋಡತೀನಿ."

ಹಳೆಯದೊಂದು ಸ್ಕೂಟರ್ ಬಂತು. ಅಮೋಘಸಿದ್ದ ಅದಕ್ಕೆ ಕೆಂಪು ರೆಕ್ಸಿನ್ ಹಾಕಿ, ಅಂಚಿಗೆ ಹಳದಿ ದಾರ ಓಡಿಸಿ, ಆ ಪರದೇಶದ ಮಗುವಿನ ಸೀಟಿನಲ್ಲಿ ಕಂಡಂತೆ ಎರಡು ಬದಿಗೆ ಹಿಡಿಕೆ ಹೊಲಿದ. ಅಷ್ಟು ಚಂದದ ಸೀಟನ್ನು ಅವನು ಯಾವ ಗಿರಾಕಿಗೂ ಹೊಲಿದಿರಲಿಲ್ಲ. ರಾಧಾ ಸಂಜೆ ಸಂಜೆ ಮೈದಾನದಲ್ಲಿ ಬಿದ್ದು ಎದ್ದು ಕಲಿತಳು. ಮುಂದೆ ಯಾರು, ಹಿಂದೆ ಯಾರು ಎಂಬ ಪ್ರಶ್ನೆ ಬಂದಾಗ ಪ್ರಭುರಾಜನೇ ತೀರ್ಪು ಕೊಟ್ಟ: ಅವ್ವ ಮುಂದೆ ಹೋಗಬೇಕು, ಬಿಡಾರ ಬಿಟ್ಟು ಒಲೆ ಹೂಡಬೇಕು, ನಾನೂ ಅಪ್ಪನೂ ಹಿಂದಿನಿಂದ ಬರುತ್ತೇವೆ. ಕುರಿಗಾರನ ಮೊಮ್ಮಗ ಇನ್ನೇನು ಹೇಳುತ್ತಾನೆ?

ದಸರಾ ರಜೆಗೆ ಹೊರಡುವುದೆಂದಾಯಿತು. ರಜೆ ಕೂಡಿ ಬಂದದ್ದು ಮಂಗಳವಾರಕ್ಕೆ. ಅರಕೇರಾದಿಂದ ಅಮೋಘಸಿದ್ದನ ತಾಯಿ ಜಂಬಮ್ಮ ಫೋನಿನಲ್ಲೇ ಅಡ್ಡಬಂದಳು. "ಮಂಗಳವಾರ ಹೊಸ್ತಿಲ ದಾಟಬ್ಯಾಡ್ರಿ. ಸೋಮವಾರ ಛಲೋ ಅದ, ಅವತ್ತ ಪರಸ್ಥಾನ ಇಡ್ರಿ." ಒಳ್ಳೆಯ ದಿನ ನೋಡಿ ಬಟ್ಟೆಯ ಗಂಟನ್ನು ನೆರೆಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಹೊರಟಂತೆಯೇ ಲೆಕ್ಕ, ಮೈ ಆಮೇಲೆ ಯಾವತ್ತು ಹೋದರೂ ನಡೆಯುತ್ತದೆ. ಆದರೆ ಹೊರಗಿಟ್ಟ ಗಂಟು ಹೋಗಬೇಕಾದ ಊರು ಕಾಣದೆ ಮನೆಗೆ ಮರಳಬಾರದು. ಸೋಮವಾರ ರಾಧಾ ಎಲ್ಲರ ಸ್ವೆಟರು ಸೇರಿಸಿ ಗಂಟು ಕಟ್ಟಿ ಎದುರುಮನೆಯ ಸರ್ವರಿ ಬೇಗಂಗೆ ಕೊಟ್ಟುಬಂದಳು. ಸರ್ವರಿ ಬೇಗಂ ಅದನ್ನು ತನ್ನ ಟ್ರಂಕಿನ ಮೇಲೆ ಇಟ್ಟುಕೊಂಡಳು. "ನಮಗ ಇದೆಲ್ಲಾ ತಿಳಿಯಂಗಿಲ್ಲ ರಾಧಾ. ಖರೆ, ನಿನ್ನ ಗಂಟು ನಾ ಅಲುಗಾಡಸಂಗಿಲ್ಲ," ಅಂದಳು.

ಅವತ್ತೇ ರಾಧಾಳಿಗೆ ಮೈಕೈ ನೋವು. ಸ್ಕೂಟರ್ ಹೊಡೆದದ್ದಕ್ಕೆ ಅಂದುಕೊಂಡರು. ಮರುದಿನ ಜ್ವರ ಏರಿತು. ಪ್ರಭುರಾಜನ ಮೈಯೂ ಬಿಸಿಯಾಯಿತು, ಅವನದು ಇಳಿಯಿತು. ಅವಳದು ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಡೆಂಗಿ ಅಂದರು, ರಕ್ತ ಬೇಕು ಅಂದರು, ಆಮೇಲೆ ಏನೂ ಅನ್ನಲಿಲ್ಲ. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎಂದು ಹೇಳುವುದು ಸುಲಭ. ಅಷ್ಟು ಮಾತಾಡುತ್ತಿದ್ದ ಹೆಂಗಸು ಒಂದು ಮಾತೂ ಹೇಳದೆ ಹೋದಳಲ್ಲ, ಅದನ್ನು ಯಾವ ಗಾದೆಯಲ್ಲಿ ತುಂಬುವುದು?

ಅರಕೇರಾದ ಹೊಲದಲ್ಲಿ, ಕನಕರಾಯನ ಸಮಾಧಿಯ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದರು. ಉಮಾದೇವಿ ಬಂದು ನೋಡಿದಳು. ಪ್ರಭುರಾಜ ಇನ್ನೂ ಸುಸ್ತಾಗಿದ್ದ, ಕೂಸು ಇದನ್ನು ನೋಡುವುದು ಬೇಡವೆಂದು ಅವನನ್ನು ಸರ್ವರಿ ಬೇಗಂಳ ಮನೆಯಲ್ಲೇ ಬಿಟ್ಟಿದ್ದರು.

ರಾಯಚೂರಿಗೆ ಮರಳಿದ ಅಮೋಘಸಿದ್ದನಿಗೆ ಮನೆಯ ಮುಂದೆ ನಿಂತ ಸ್ಕೂಟರ್ ಕಣ್ಣಿಗೆ ಬಿತ್ತು. ನೋಡಲಾಗಲಿಲ್ಲ. ಜೊತೆಗೆ ಬಂದಿದ್ದ ರಾಧಾಳ ತಮ್ಮ ಕೃಷ್ಣನಿಗೆ, "ಇದನ್ನ ಮಾನ್ವಿಗೆ ತಗೊಂಡು ಹೋಗಿಬಿಡು. ಈಗ, ಈ ಗಳಿಗ್ಯಾಗ," ಅಂದ. ಕೃಷ್ಣ ಕಣ್ಣೊರೆಸಿಕೊಂಡು ಅದನ್ನು ಹೊಡೆದುಕೊಂಡು ಹೋದ. ಆಮೇಲೆ ಅಮೋಘಸಿದ್ದ ಮಗನನ್ನು ಕರೆಯಲು ಎದುರುಮನೆಗೆ ಹೋದ. ಮಗನಿಗೆ ಹೇಗೆ ಹೇಳುವುದೆಂದು ಅರಕೇರಾದಿಂದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

ಹುಡುಗ ಹೊರಗೆ ಬಂದ. ಸ್ಕೂಟರ್ ನಿಲ್ಲುತ್ತಿದ್ದ ಜಾಗ ನೋಡಿದ. ಅವನ ಮುಖ ಅರಳಿತು.

"ಅವ್ವ ಮುಂದ ಹೋದಳೇನ್ ಯಪ್ಪಾ, ಬಿಡಾರ ಬಿಡಾಕ?"

ಅಮೋಘಸಿದ್ದ, "ಹೂಂ," ಅಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು "ಹೂಂ" ಮನೆಯೊಳಗೆ ಬಂದು ಕೂತಿತು. ಹುಡುಗ ದಿನಾ ಎದುರುಮನೆಗೆ ಹೋಗಿ ಗಂಟು ಇದೆಯೋ ಇಲ್ಲವೋ ನೋಡಿ ಬರುತ್ತಿದ್ದ. "ಅವ್ವ ಒಲಿ ಹೂಡಿ ಕಾಯಾಕತ್ತಿರ್ತಾಳ. ಯಾವಾಗ ಹೋಗೂಣು?" ಅನ್ನುತ್ತಿದ್ದ. ಫೋನ್ ಮಾಡು ಅಂದರೆ ಅಲ್ಲಿ ಸಿಗ್ನಲ್ ಇಲ್ಲ ಎಂದು ಅಪ್ಪ ಹೇಳಬೇಕು. ಹೊರಡೋಣ ಅಂದರೆ ಬೈಕಿನ ಕೆಲಸ ಬಾಕಿ ಇದೆ ಎನ್ನಬೇಕು. ಸುಳ್ಳು ಹೇಳುವುದಕ್ಕೂ ಕಸುಬುಗಾರಿಕೆ ಬೇಕು, ಅದು ಅವನಿಗಿರಲಿಲ್ಲ. ಹುಡುಗ ನಂಬಿದ್ದು ಅವನ ಸುಳ್ಳಿನ ಚಂದಕ್ಕಲ್ಲ, ಅಪ್ಪ ಅಂತ ನಂಬಿದ.

ಉಮಾದೇವಿ ಮಾತ್ರ ಒಳಗೊಳಗೇ ಕುದಿಯುತ್ತಿದ್ದಳು. ತಮ್ಮನ ಮುಂದೆ ಅಳುವಂತಿಲ್ಲ, ಅವ್ವನ ಫೋಟೋಕ್ಕೆ ಹೂವಿನ ಹಾರ ಹಾಕುವಂತಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು.

"ನೀ ಹೇಳ್ತಿಯೋ, ನಾ ಹೇಳಲೇನು?"

"ಹೇಳ್ತೀನವ್ವ. ಅವ ಸ್ವಲ್ಪ ದೊಡ್ಡಾಂವ ಆಗಲಿ."

"ಅಲ್ಲೀತನಕ ನಮ್ಮವ್ವ ನನಗೂ ಸತ್ತಿಲ್ಲೇನು?"

ಅವಳು ಚಕ್ರ ಬಿಟ್ಟು ಒಳಗೆ ಹೋದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಮಾನ್ವಿಯಲ್ಲಿ ಕೃಷ್ಣನ ಮಗನ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ. ಸೋದರತ್ತೆ ಇಲ್ಲದ ಕಾರ್ಯ, ಅವಳ ಮಕ್ಕಳಾದರೂ ಬರಲಿ ಎಂದು ಕೃಷ್ಣ ಬಹಳ ಹೇಳಿಕೊಂಡ. ಅಮೋಘಸಿದ್ದ ಫೋನಿನಲ್ಲಿ, "ಸ್ಕೂಟರ್ ಅವನ ಕಣ್ಣಿಗೆ ಬೀಳಬಾರದು ನೋಡು," ಅಂದಿದ್ದ. ಗಲ್ಲಿಯವರಿಗೆ ಮಾಡಿದಂತೆಯೇ ಬಂದ ಮಂದಿಗೆಲ್ಲ ಹುಡುಗನ ಮುಂದೆ ಬಾಯಿ ಬಿಡಬಾರದೆಂದು ತಾಕೀತು ಮಾಡಿ ಆಗಿತ್ತು. ಕೃಷ್ಣ ಸ್ಕೂಟರನ್ನು ಹಿತ್ತಲಿಗೆ ತಳ್ಳಿ ಮೇಲೆ ತಾಡಪತ್ರಿ ಹೊದಿಸಿದ್ದ. ತಾಡಪತ್ರಿ ಗಾಳಿಗೆ ಹಾರುತ್ತದೆಂದು ಯಾರಿಗೂ ನೆನಪಾಗಲಿಲ್ಲ, ಎರಡು ಇಟ್ಟಿಗೆ ಹೇರಿದ್ದರೆ ಸಾಕಿತ್ತು.

ಎಲ್ಲರೂ ಊಟಕ್ಕೆ ಕೂತಿದ್ದರು. ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ ಪ್ರಭುರಾಜ ಓಡಿ ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಹಲ್ಲು ಬಿಟ್ಟು ನಗುತ್ತಿದ್ದ.

"ಅವ್ವ ಬಂದಾಳ. ಹಿತ್ತಲದಾಗ ಸ್ಕೂಟರ್ ಅದ."

ಯಾರೂ ತುತ್ತು ಎತ್ತಲಿಲ್ಲ. ಹುಡುಗ ಅಡುಗೆಮನೆಗೆ ಓಡಿದ. ಅಲ್ಲಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದ. ಒಳಕೋಣೆಗೆ ಹೋದ, ಬಾಗಿಲ ಸಂದಿಯಲ್ಲಿ ನೋಡಿದ, ಜೋಳದ ಚೀಲಗಳ ಹಿಂದೆ ನೋಡಿದ. "ಅಡಗಿ ಕುಂತೀಯೇನಬೇ?" ಎಂದು ಕರೆದ. ಅಡಗಿ ಕೂರುವ ಆಟ ರಾಧಾ ಅವನ ಜೊತೆ ಎಷ್ಟೋ ಸಲ ಆಡಿದ್ದಳು. ಉಮಾದೇವಿ ಎದ್ದು ಅವನ ಹಿಂದೆ ಹಿಂದೆ ನಡೆದಳು. ಹಿಡಿದು ನಿಲ್ಲಿಸಲು ಅವಳ ಕೈಯೂ ಬರಲಿಲ್ಲ.

ಕೊನೆಗೆ ಅವನು ಅಪ್ಪನ ಎಲೆಯ ಮುಂದೆ ಬಂದು ನಿಂತ. ನಗು ಹೋಗಿತ್ತು. ಹುಬ್ಬು ಗಂಟು ಹಾಕಿ ಯೋಚಿಸುತ್ತಿದ್ದ.

"ಸ್ಕೂಟರ್ ಇಲ್ಲೇ ಅದ," ಅಂದ. "ಹಂಗಾದ್ರ ಅವ್ವ ಅಷ್ಟ್ ದೂರ ನಡಕೊಂತ ಹೋದಳೇನ್ ಯಪ್ಪಾ?"

ಕೃಷ್ಣ ಗೋಡೆಗೆ ಮುಖ ಮಾಡಿ ನಿಂತ. ಅಮೋಘಸಿದ್ದ ಎದ್ದ. ಎಂಜಲು ಕೈಯಲ್ಲೇ ಮಗನನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಆ ಕೆಂಪು ಸೀಟಿನ ಮೇಲೆ ಅವನನ್ನು ಕೂರಿಸಿ ತಾನು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅವ್ವ ಮುಂದ ಹೋಗಿಲ್ಲ, ಪ್ರಭೂ. ಜ್ವರ ಬಂದು ಅವ್ವ ಸತ್ತಳು. ಅರಕೇರಾದಾಗ ನಮ್ಮ ಹೊಲದಾಗ ಮಣ್ಣು ಮಾಡೀವಿ."

ಹುಡುಗ ಎರಡು ಬದಿಯ ಹಿಡಿಕೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನೇಪಾಳದಾಗ ನಮ್ಮನ್ನ ಯಾರೂ ಕಾಯಾಕತ್ತಿಲ್ಲೇನು?"

"ಇಲ್ಲಪ್ಪ."

"ನೀ ಹೂಂ ಅಂದಿದ್ದಿ."

"ಅಂದಿದ್ದೆ. ತಪ್ಪಾತು."

ಆಗ ಹುಡುಗ ಅತ್ತ. ಉಮಾದೇವಿಯೂ ಬಂದು, ಇಷ್ಟು ತಿಂಗಳು ತಡೆದದ್ದನ್ನೆಲ್ಲ ಸೇರಿಸಿ ಅತ್ತಳು. ಅಮೋಘಸಿದ್ದ ಇಬ್ಬರನ್ನೂ ತಬ್ಬಿಕೊಂಡು, ಹೆಂಡತಿ ಸತ್ತ ದಿನವೂ ಅಳದಷ್ಟು ಅತ್ತ. ಮನೆಯೊಳಗಿನ ಹೆಂಗಸರ ಸದ್ದೂ ಕೇಳಿಸುತ್ತಿತ್ತು. ಜವಳದ ಕೂಸು ಬೋಳು ತಲೆಯಲ್ಲಿ ಎಲ್ಲರನ್ನೂ ಮಿಕಿಮಿಕಿ ನೋಡುತ್ತಿತ್ತಂತೆ.

ಸಂಜೆ ಹೊರಡುವಾಗ ಪ್ರಭುರಾಜ ಸ್ಕೂಟರ್ ಬಿಟ್ಟು ಬರಲು ಒಪ್ಪಲಿಲ್ಲ. ಸರಿ, ಕೃಷ್ಣನೇ ಅದನ್ನು ರಾಯಚೂರಿಗೆ ಹೊಡೆದುಕೊಂಡು ಬರುವುದು, ಅವನ ಹಿಂದೆ ಉಮಾದೇವಿ ಕೂರುವುದು ಎಂದಾಯಿತು. ಉಮಾದೇವಿ ಮೆಲ್ಲಗೆ ಕೇಳಿದಳು, "ಸರ್ವರಿ ಬೇಗಂ ಮನ್ಯಾಗಿನ ಗಂಟು ಏನ್ ಮಾಡೂದು? ಒಳಗ ತರೂಣೇನು?"

ಅಮೋಘಸಿದ್ದ ಮಗನ ಮುಖ ನೋಡಿದ.

"ಬ್ಯಾಡ. ಅವ್ವ ಕಟ್ಟಿದ್ದು ಅದು," ಅಂದ ಹುಡುಗ. "ಯಾವಾಗಾರ ಹೋದರ ತಗೊಂಡು ಹೋಗೂಣು. ಅಲ್ಲೀತನಕ ಬಿಚ್ಚಬ್ಯಾಡ್ರಿ."

ಕಲ್ಲೂರು ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ಹೊತ್ತು ಮುಳುಗುವ ಮೊದಲು ಊರು ಸೇರೋಣವೆಂದು ಕೃಷ್ಣ ಸ್ಕೂಟರಿನ ವೇಗ ಹೆಚ್ಚಿಸಿದ. ಕೆಂಪು ಸೀಟು ಬೈಕನ್ನು ದಾಟಿ ಮುಂದೆ ಹೋಯಿತು. ಟ್ಯಾಂಕಿನ ಮೇಲೆ ಕೂತಿದ್ದ ಪ್ರಭುರಾಜ ಅಪ್ಪನ ಎರಡೂ ಕೈಗಳನ್ನು ಹಿಡಿದು ಎಳೆದ.

"ಮುಂದ ಹೋಗಬ್ಯಾಡ ಅನ್ನು ಯಪ್ಪಾ. ಅಕ್ಕ ಅದಾಳ ಅದರ ಮ್ಯಾಲ. ಮುಂದ ಹೋಗಬ್ಯಾಡ ಅನ್ನು."

ಅಮೋಘಸಿದ್ದ ಹಾರ್ನ್ ಒತ್ತಿ ಒತ್ತಿ ಕೃಷ್ಣನನ್ನು ನಿಲ್ಲಿಸಿದ. ಏನೆಂದು ಹೇಳಿದ. ಕೃಷ್ಣ ತಲೆಯಾಡಿಸಿದ. ಆಮೇಲೆ ಬೈಕೂ ಸ್ಕೂಟರೂ ಜೋಡೆತ್ತುಗಳ ಹಾಗೆ ಪಕ್ಕಪಕ್ಕದಲ್ಲೇ ನಡೆದವು. ಉಮಾದೇವಿ ಕೈ ಚಾಚಿ ತಮ್ಮನ ತೋಳು ಮುಟ್ಟುತ್ತಿದ್ದಳು. ಹಿಂದಿನಿಂದ ಬಂದ ಲಾರಿಯವರು ಹಾರ್ನ್ ಹೊಡೆದರು, ರಸ್ತೆ ನಿಮ್ಮಪ್ಪಂದೇನು ಎಂದು ಬಯ್ದರು. ಯಾರೂ ಜಗ್ಗಲಿಲ್ಲ. ರಾಯಚೂರು ಮುಟ್ಟುವವರೆಗೂ ಎರಡರಲ್ಲಿ ಒಂದು ಗಾಡಿಯೂ ಮುಂದೆ ಹೋಗಲಿಲ್ಲ.